ಒಂದು ಮಾಡು, ಹಲವು ಬಿಡಾರ

ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಕಾಗಿಷಲ್ ಎಂಬ ಊರಿನಲ್ಲಿ, ಉಣ್ಣೆಬಟ್ಟೆಯ ವರ್ತಕನಾದ ಥಾಮಸ್ ಪೇಕಾಕನ ಮನೆಯು ಇಂದಿಗೂ ನಿಂತಿದೆ. ಅದನ್ನು ಕಟ್ಟಿದುದು ಸುಮಾರು 1509ರಲ್ಲಿ. ಅದರ ಹೊರೆಯನ್ನು ಹೊರುವುದು ಗೋಡೆಯಲ್ಲ, ಓಕ್ ಮರದ ಕಂಬ ತೊಲೆಗಳ ಹಂದರ. ಕಂಬಗಳ ನಡುವಣ ತೆರವನ್ನು ತುಂಬಿದ ವಸ್ತು ಬರಿಯ ಮರೆ. ಆದುದರಿಂದ ಇಂತಹ ಮನೆಯೊಳಗೆ ಹೊಸ ಗೋಡೆ ಎಬ್ಬಿಸುವುದೂ ಬಾಗಿಲು ತೆರೆಯುವುದೂ ಸುಲಭ. ಹತ್ತೊಂಬತ್ತನೆಯ ಶತಮಾನದಲ್ಲಿ ಪೇಕಾಕನ ಮನೆಯು ಹೀಗೆಯೇ ಹಲವು ಬಾಡಿಗೆ ಬಿಡಾರಗಳಾಗಿ ಒಡೆದುಹೋಯಿತು. ಆಗ್ನೇಯ ಇಂಗ್ಲೆಂಡಿನ ಎಷ್ಟೋ ಹಳೆಯ ಮನೆಗಳ ಗತಿಯೂ ಇದೇ.

ಆದರೆ ಹಂದರದಲ್ಲಿ ಯಾವ ಮರವನ್ನು ಕೊಯ್ಯಬಹುದು, ಯಾವುದನ್ನು ಕೊಯ್ಯಲಾಗದು? ಮಾಡಿನ ಒಂದು ಜೊತೆ ಪಕ್ಕಾಸುಗಳನ್ನು ತೆಗೆದುಕೊಳ್ಳೋಣ. ಅವು ನೆತ್ತಿಯಲ್ಲಿ ಒಂದನ್ನೊಂದು ಆತುಕೊಂಡಿವೆ. ಹೊರೆಯು ಅವುಗಳ ಉದ್ದಕ್ಕೂ ಸಮನಾಗಿ ಹರಡಿದೆ. ಹೊರೆ ಕೆಳಮುಖವಾಗಿದ್ದರೂ ಪಕ್ಕಾಸುಗಳ ಬುಡಗಳು ಹೊರಕ್ಕೆ ಸರಿಯಲೆಳಸುತ್ತವೆ. ಬುಡವನ್ನು ಕೇಂದ್ರವಾಗಿಟ್ಟುಕೊಂಡು ಒಂದು ಪಕ್ಕಾಸಿನ ಮೇಲಿನ ಬಲಗಳ ಭ್ರಾಮಕಗಳನ್ನು ಸಮೀಕರಿಸಿದರೆ, ಈ ಹೊರನೂಕು ಒಟ್ಟು ಹೊರೆಯನ್ನು ಇಳಿಜಾರಿನ ಟ್ಯಾಂಜೆಂಟಿನ ನಾಲ್ಕರಷ್ಟರಿಂದ ಭಾಗಿಸಿದಷ್ಟು ಎಂದು ದೊರೆಯುತ್ತದೆ. ಹೊರೆ 4 ಟನ್, ಇಳಿಜಾರು 45 ಡಿಗ್ರಿ ಇದ್ದರೆ ಹೊರನೂಕು 1 ಟನ್. ಇಳಿಜಾರು 30 ಡಿಗ್ರಿಗೆ ಇಳಿದರೆ ಅದು 1.73 ಟನ್ನಿಗೆ ಏರುತ್ತದೆ. ವಿದ್ಯಾರ್ಥಿಗಳು ತಾವೇ ಚಿತ್ರ ಬರೆದು ಇದನ್ನು ಸಾಧಿಸಿ ನೋಡುವುದೊಳಿತು.

ಈ ನೂಕನ್ನು ತಡೆಯುವುದು ಎರಡು ಗೋಡೆಗಳ ತಲೆಗಳನ್ನು ಬಿಗಿದಿರುವ ಅಡ್ಡತೊಲೆ. ನೋಡುವವರಿಗೆ ಅದು ಮಾಡನ್ನು ಹೊತ್ತಂತೆ ಕಾಣುತ್ತದೆ. ಅದರ ಮುಖ್ಯ ಕೆಲಸವಾದರೋ ಹಗ್ಗದಂತೆ ಎಳೆದು ಹಿಡಿಯುವುದು. ಎತ್ತರದ ನಡುಮನೆಯೊಳಗೆ ಅಂತಸ್ತು ಹೂಡಿದಾಗ ಈ ತೊಲೆಯೇ ಎದೆಮಟ್ಟಕ್ಕೆ ಅಡ್ಡಬರುವುದುಂಟು. ಓಡಾಟಕ್ಕೆ ದಾರಿಯಾಗಲೆಂದು ಅದನ್ನು ನಡುವೆ ಕೊಯ್ದರೆ ಮಾಡು ಅಂದೇ ಕುಸಿಯದು. ವರ್ಷಗಳು ಕಳೆದಂತೆ ಗೋಡೆಗಳ ತಲೆಗಳು ಹೊರಕ್ಕೆ ವಾಲುತ್ತವೆ, ನೆತ್ತಿ ಜಗ್ಗುತ್ತದೆ. ತೊಲೆ ಕೊಯ್ದ ಮನೆಯವನಿಗೆ ದಾರಿ ಸಿಕ್ಕಿತು. ಬಿರುಕು ಪಕ್ಕದ ಮನೆಯಲ್ಲಿ ಕಾಣಿಸಿಕೊಳ್ಳಬಹುದು. ಬಿಡಾರಗಳು ಬೇರೆಯಾದರೂ ಹಂದರ ಒಂದೇ ಅಲ್ಲವೆ!

ಹಳೆಯ ಬಡಗಿಗಳು ಹಸಿ ಓಕನ್ನೇ ಬಳಸುತ್ತಿದ್ದರು. ತೊಲೆಯ ನಾಲಗೆಯ ರಂಧ್ರವನ್ನು ಕಂಬದ ರಂಧ್ರಕ್ಕಿಂತ ಕೊಂಚ ಒಳಕ್ಕೆ ಕೊರೆದು ಮರದ ಗೂಟ ಬಡಿದರೆ, ಗೂಟವೇ ಎರಡನ್ನೂ ಸೆಳೆದು ಬಿಗಿಮಾಡುತ್ತದೆ. ಯಾವ ಮರ ಎಲ್ಲಿ ಕೂಡಬೇಕೆಂಬುದಕ್ಕೆ ರೋಮನ್ ಅಂಕಿಗಳನ್ನು ಕೆತ್ತುತ್ತಿದ್ದರು. ಮನೆ ಒಡೆದ ಮೇಲೂ ಈ ಅಂಕಿಗಳು ಒಂದು ಬಿಡಾರದಿಂದ ಇನ್ನೊಂದಕ್ಕೆ ಮುಂದುವರಿಯುತ್ತವೆ.

1904ರಲ್ಲಿ ನೋಯಲ್ ಬಕ್ಸ್‌ಟನ್ ಎಂಬುವರು ಪೇಕಾಕನ ಮನೆಯನ್ನು ಕೊಂಡು ಜೀರ್ಣೋದ್ಧಾರ ಮಾಡಿಸಿದರು. 1924ರಲ್ಲಿ ಅದು ನ್ಯಾಷನಲ್ ಟ್ರಸ್ಟಿಗೆ ಸೇರಿತು. ಇನ್ನೂ ಒಡೆದೇ ಇರುವ ಹಳೆಯ ಮನೆಗಳಲ್ಲಿ ಸಂಶೋಧಕರು ಮೊದಲು ಹತ್ತುವುದು ಅಟ್ಟವನ್ನು. ಹೊಗೆಗೂಡು ಬರುವ ಮುನ್ನ ನಡುಮನೆಯ ಒಲೆಯ ಹೊಗೆಯು ನೇರವಾಗಿ ಮಾಡಿಗೇ ಏರುತ್ತಿತ್ತು. ನಡುವಣ ಗೋಡೆಯ ಎರಡು ಮಗ್ಗುಲಿನ ಪಕ್ಕಾಸುಗಳೂ ಮಸಿಗಟ್ಟಿ, ಗೋಡೆ ಮಾತ್ರ ಬೆಳ್ಳಗಿದ್ದರೆ, ಅದು ಆಮೇಲೆ ಬಂದುದು.