ಆಟೋಕ್ರಾಸ್‌ಗೆ ಹಳೆಯ ಮಿಯಾಟಾ: ಸಸ್ಪೆನ್ಷನ್ ಹೊಂದಿಕೆಯ ಮುಖ್ಯಾಂಶಗಳು

ಹಳೆಯ ಸ್ಪೋರ್ಟ್ಸ್ ಕಾರನ್ನು ಸ್ಪರ್ಧೆಗೆ ಅಣಿಗೊಳಿಸುವಾಗ ದುಬಾರಿ ಬಿಡಿಭಾಗಕ್ಕಿಂತ ಕೆಲಸದ ಕ್ರಮ ದೊಡ್ಡದು. ಮೊದಲು ಸವೆದದ್ದನ್ನು ಸರಿಪಡಿಸಬೇಕು, ನಂತರ ಟೈರ್ ನೆಲವನ್ನು ಚೆನ್ನಾಗಿ ಹಿಡಿಯುವಂತೆ ಮಾಡಬೇಕು, ಆಮೇಲಷ್ಟೇ ಮುಂದು-ಹಿಂದಿನ ಸಮತೋಲಕ್ಕೆ ಕೈಹಾಕಬೇಕು. ಆಟೊಮೊಬೈಲ್ ಡಿಪ್ಲೊಮಾ ಮತ್ತು ಬಿ.ಇ. ವಿದ್ಯಾರ್ಥಿಗಳ ಪುನರಾವರ್ತನೆಗೆಂದು ಬರೆದ ಈ ಟಿಪ್ಪಣಿಯೂ ಅದೇ ಕ್ರಮದಲ್ಲಿದೆ. ಉದಾಹರಣೆಗೆ ಆರಿಸಿಕೊಂಡಿರುವುದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5, ಅಂದರೆ ಅಮೆರಿಕದಲ್ಲಿ ಮಿಯಾಟಾ ಎಂದು ಹೆಸರಾದ ಕಾರು.

1. ಆಟೋಕ್ರಾಸ್: ಮೂಲ ಸಂಗತಿಗಳು

- ಅಮೆರಿಕದ ಆಟೋಕ್ರಾಸ್ ನಡೆಯುವುದು ವಿಶಾಲವಾದ ಪಾರ್ಕಿಂಗ್ ಜಾಗ ಅಥವಾ ಹಳೆಯ ವಿಮಾನ ನಿಲ್ದಾಣದ ಡಾಂಬರು, ಕಾಂಕ್ರೀಟ್ ಅಂಗಳದಲ್ಲಿ. ಕೋನ್‌ಗಳನ್ನಿಟ್ಟು ಹಾದಿ ಗುರುತಿಸುತ್ತಾರೆ. ಪೈಪೋಟಿ ಗಡಿಯಾರದೊಂದಿಗೆ.
- ಇದನ್ನು ನಡೆಸುವ ಪ್ರಮುಖ ಸಂಸ್ಥೆ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, ಸ್ಥಾಪನೆ 1944. ಸ್ಪರ್ಧೆಯ ಅಧಿಕೃತ ಹೆಸರು ಸೋಲೊ. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1973ರಲ್ಲಿ ನಡೆಯಿತು. 2009ರಿಂದ ಅದರ ನೆಲೆ ನೆಬ್ರಾಸ್ಕ ರಾಜ್ಯದ ಲಿಂಕನ್.
- ಒಂದು ಕೋನ್ ಬೀಳಿಸಿದರೆ 2 ಸೆಕೆಂಡ್ ದಂಡ. ಹಾದಿ ತಪ್ಪಿದರೆ ಆ ಓಟ ಲೆಕ್ಕಕ್ಕಿಲ್ಲ.
- ಓಟ ಚಿಕ್ಕದು, ತಿರುವುಗಳು ಒತ್ತೊತ್ತಾಗಿ ಬರುತ್ತವೆ. ಎಡಬಲ ಬೇಗ ಹೊರಳುವ ಗುಣ ಗರಿಷ್ಠ ವೇಗಕ್ಕಿಂತ ಮುಖ್ಯ.
- ಕೊಡಗು, ಚಿಕ್ಕಮಗಳೂರು ಕಡೆಯ ಆಟೋಕ್ರಾಸ್ ಮಣ್ಣಿನ ಹಾದಿಯದ್ದು. ಅಲ್ಲಿ ನೆಲದಿಂದ ಎತ್ತರವೂ ಸಸ್ಪೆನ್ಷನ್‌ನ ಉದ್ದ ಚಲನೆಯೂ ಬೇಕು. ಈ ಟಿಪ್ಪಣಿಯ ಅಳತೆಗಳು ಡಾಂಬರಿಗೆ ಮಾತ್ರ.

2. ಕಾರಿನ ಪರಿಚಯ

- 1989ರ ಫೆಬ್ರುವರಿಯಲ್ಲಿ ಷಿಕಾಗೊ ಆಟೊ ಷೋದಲ್ಲಿ ಅನಾವರಣ. ಮೊದಲ ತಲೆಮಾರು 1997ರವರೆಗೆ ತಯಾರಾಯಿತು.
- ಮೊದಲಿಗೆ 1.6 ಲೀಟರ್ ಎಂಜಿನ್, 1994ರ ಮಾದರಿಯಿಂದ 1.8 ಲೀಟರ್.
- ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ವೀಲ್‌ಬೇಸ್ 2265 ಮಿ.ಮೀ. ತೂಕ ಸುಮಾರು ಒಂದು ಟನ್. ಮುಂದು-ಹಿಂದಿನ ತೂಕ ಹಂಚಿಕೆ ಹೆಚ್ಚುಕಡಿಮೆ 50:50.
- ನಾಲ್ಕೂ ಚಕ್ರಗಳಿಗೆ ಡಬಲ್ ವಿಷ್‌ಬೋನ್. ಕೆಳತೋಳಿನ ಒಳತುದಿಯಲ್ಲಿ ಎಕ್ಸೆಂಟ್ರಿಕ್ ಬೋಲ್ಟ್‌ಗಳಿವೆ. ಅವನ್ನು ತಿರುಗಿಸಿ ಮುಂದೆ ಕ್ಯಾಂಬರ್ ಮತ್ತು ಕ್ಯಾಸ್ಟರ್, ಹಿಂದೆ ಕ್ಯಾಂಬರ್ ಮತ್ತು ಟೋ ಹೊಂದಿಸಬಹುದು. ಮುಂದಿನ ಟೋ ಹೊಂದಿಕೆ ಟೈ ರಾಡ್‌ನಿಂದ. ಹೊಸ ಭಾಗ ಹಾಕದೆಯೇ ಇಷ್ಟು ತಿದ್ದಲು ಬರುವುದು ಈ ಕಾರಿನ ದೊಡ್ಡ ಅನುಕೂಲ.

3. ನಿಯಮ ಮೊದಲು, ಖರೀದಿ ಆಮೇಲೆ

- ಸೋಲೊದ ಸ್ಟ್ರೀಟ್ ವಿಭಾಗ: ಸ್ಪ್ರಿಂಗ್ ಕಂಪನಿಯದ್ದೇ ಇರಬೇಕು. ಶಾಕ್ ಬದಲಿಸಬಹುದು. ಮುಂದಿನ ಅಥವಾ ಹಿಂದಿನ ಆ್ಯಂಟಿ-ರೋಲ್ ಬಾರ್‌ಗಳಲ್ಲಿ ಒಂದನ್ನು ಬದಲಿಸಬಹುದು.
- ಸ್ಟ್ರೀಟ್ ಟೂರಿಂಗ್ ವಿಭಾಗ: ಸ್ಪ್ರಿಂಗ್ ಬದಲಾವಣೆಗೂ ಅವಕಾಶವಿದೆ.
- ಎರಡೂ ವಿಭಾಗಗಳಲ್ಲಿ ಟೈರ್‌ನ ಟ್ರೆಡ್‌ವೇರ್ ಅಂಕ ಕನಿಷ್ಠ 200.
- ನಿಯಮ ಪುಸ್ತಕ ಪ್ರತಿವರ್ಷ ಪರಿಷ್ಕರಣೆಗೊಳ್ಳುತ್ತದೆ. ಆ ವರ್ಷದ ಪ್ರತಿಯನ್ನೇ ನೋಡಬೇಕು.

4. ಸವೆತದ ತಪಾಸಣೆ

- ಮೂವತ್ತು ವರ್ಷ ದಾಟಿದ ಕಾರಿನಲ್ಲಿ ನೋಡಲೇಬೇಕಾದವು: ರಬ್ಬರ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ವೀಲ್ ಬೇರಿಂಗ್, ಶಾಕ್‌ನ ಎಣ್ಣೆ ಸೋರಿಕೆ, ತುಕ್ಕು.
- ಬುಷ್ ಸಡಿಲವಿದ್ದರೆ ಅಲೈನ್‌ಮೆಂಟ್ ಯಂತ್ರ ತೋರಿಸಿದ ಕೋನ ತಿರುವಿನಲ್ಲಿ ಉಳಿಯುವುದಿಲ್ಲ. ಹಾಗಾಗಿ ಅಲೈನ್‌ಮೆಂಟ್‌ಗೆ ಮುಂಚೆ ಬುಷ್.
- ಎಕ್ಸೆಂಟ್ರಿಕ್ ಬೋಲ್ಟ್ ತುಕ್ಕು ಹಿಡಿದು ಬುಷ್‌ನ ಒಳಕೊಳವೆಗೆ ಕಚ್ಚಿಕೊಂಡಿರುವುದು ಸಾಮಾನ್ಯ. ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಲು ಬಿಡಬೇಕು. ಬಲಪ್ರಯೋಗ ಮಾಡಿದರೆ ಬೋಲ್ಟ್ ತುಂಡಾಗುತ್ತದೆ.
- ಅತಿ ಮುಖ್ಯ: ರಬ್ಬರ್ ಬುಷ್‌ನ ಬೋಲ್ಟ್‌ಗಳನ್ನು ಕಾರಿನ ಭಾರ ಚಕ್ರದ ಮೇಲಿರುವಾಗಲೇ ಅಂತಿಮವಾಗಿ ಬಿಗಿಯಬೇಕು. ಕಾರಣ: ಇಲ್ಲಿ ರಬ್ಬರ್ ಒಳಕೊಳವೆಗೆ ಅಂಟಿಕೊಂಡಿದೆ. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಜಾಕ್ ಮೇಲೆ ಚಕ್ರ ಜೋತಾಡುವಾಗ ಬಿಗಿದರೆ, ಕಾರು ಇಳಿಸಿದ ಕ್ಷಣದಿಂದ ಬುಷ್ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಕಾರಿನ ಎತ್ತರ ತಪ್ಪಾಗುತ್ತದೆ, ರಬ್ಬರ್ ಬೇಗ ಹರಿಯುತ್ತದೆ.

5. ಟೈರ್ ಮತ್ತು ಗಾಳಿ

- ಹಿಡಿತದ ಮೂಲ ಟೈರ್. ಸಸ್ಪೆನ್ಷನ್ ಮಾಡುವುದು ಅದಕ್ಕೆ ನೆರವು.
- ಈ ಹಗುರ ಕಾರಿಗೆ 26ರಿಂದ 32 ಪಿಎಸ್‌ಐ ನಡುವೆ ಪ್ರಯೋಗ ಆರಂಭಿಸಬಹುದು.
- ಸೀಮೆಸುಣ್ಣದ ಪರೀಕ್ಷೆ: ಟ್ರೆಡ್‌ನ ಹೊರಅಂಚಿನಿಂದ ಪಕ್ಕದ ಗೋಡೆಯವರೆಗೆ ಗೆರೆ ಎಳೆದು ಒಂದು ಓಟ ಮುಗಿಸಬೇಕು. ಗೆರೆ ಗೋಡೆಯ ಕಡೆಗೂ ಅಳಿಸಿದ್ದರೆ ಗಾಳಿ ಕಡಿಮೆ. ಟ್ರೆಡ್‌ನ ಅಂಚಿನಲ್ಲೇ ಉಳಿದಿದ್ದರೆ ಗಾಳಿ ಹೆಚ್ಚು.
- ಓಟಗಳ ನಡುವೆ ಒಂದೆರಡು ನಿಮಿಷದಲ್ಲಿ ಮಾಡಬಹುದಾದ ಹೊಂದಿಕೆ ಇದು.

6. ಚಕ್ರದ ಕೋನಗಳು

| ಕೋನ | ಆರಂಭಿಕ ಅಳತೆ | ಉದ್ದೇಶ |
|---|---|---|
| ಮುಂದಿನ ಕ್ಯಾಂಬರ್ | ಕಂಪನಿಯ ಎತ್ತರದಲ್ಲಿ ಸಿಗುವಷ್ಟು ಋಣ. ತಗ್ಗಿಸಿದ ಕಾರಿಗೆ −2.5° ರಿಂದ −3° | ವಾಲಿದಾಗ ಹೊರಟೈರ್ ಸಮತಟ್ಟಾಗಿ ಕೂರಲು |
| ಹಿಂದಿನ ಕ್ಯಾಂಬರ್ | ಮುಂದಿನದಕ್ಕಿಂತ ತುಸು ಕಡಿಮೆ ಋಣ | ವೇಗ ಹೆಚ್ಚಿಸುವಾಗಿನ ಹಿಡಿತ ಉಳಿಸಲು |
| ಕ್ಯಾಸ್ಟರ್ | ಸುಮಾರು 4° ರಿಂದ 5° | ಸ್ಟೀರಿಂಗ್ ತಿರುಗಿಸಿದಾಗ ಹೊರಚಕ್ರಕ್ಕೆ ಋಣ ಕ್ಯಾಂಬರ್ ಸೇರಲು |
| ಮುಂದಿನ ಟೋ | ಸೊನ್ನೆಯಿಂದ ಒಟ್ಟು 3 ಮಿ.ಮೀ. ಹೊರಕ್ಕೆ | ತಿರುವಿಗೆ ಚುರುಕಾಗಿ ನುಗ್ಗಲು |
| ಹಿಂದಿನ ಟೋ | ಸೊನ್ನೆಯಿಂದ ಒಟ್ಟು 3 ಮಿ.ಮೀ. ಒಳಕ್ಕೆ | ಬ್ರೇಕ್ ಹಾಕುವಾಗಿನ ಸ್ಥಿರತೆಗೆ |

- ಅಲೈನ್‌ಮೆಂಟ್ ಮಾಡುವಾಗ ಚಾಲಕ ಅಥವಾ ಅಷ್ಟೇ ಭಾರ ಸೀಟಿನಲ್ಲಿರಬೇಕು.

7. ಭಾರ ವರ್ಗಾವಣೆ: ಇಡೀ ವಿಷಯದ ತಿರುಳು

- ಸೂತ್ರ: ವರ್ಗಾವಣೆಯಾಗುವ ಬಲ = ದ್ರವ್ಯರಾಶಿ × ಪಾರ್ಶ್ವ ವೇಗೋತ್ಕರ್ಷ × ಗುರುತ್ವ ಕೇಂದ್ರದ ಎತ್ತರ ÷ ಟ್ರ್ಯಾಕ್ ಅಗಲ.
- ಲೆಕ್ಕ: 1000 ಕೆ.ಜಿ., ಗುರುತ್ವ ವೇಗೋತ್ಕರ್ಷದಷ್ಟೇ ಪಾರ್ಶ್ವ ವೇಗೋತ್ಕರ್ಷ, ಎತ್ತರ 0.45 ಮೀ., ಅಗಲ 1.40 ಮೀ. ಎಂದು ಹಿಡಿದರೆ ಸುಮಾರು 321 ಕೆ.ಜಿ. ಭಾರ ಒಳಚಕ್ರಗಳಿಂದ ಹೊರಚಕ್ರಗಳಿಗೆ ದಾಟುತ್ತದೆ.
- ಸೂತ್ರದಲ್ಲಿ ಸ್ಪ್ರಿಂಗ್ ಇಲ್ಲ, ಬಾರ್ ಇಲ್ಲ, ಶಾಕ್ ಇಲ್ಲ. ಗಟ್ಟಿ ಸ್ಪ್ರಿಂಗ್ ಕಾರು ವಾಲುವುದನ್ನು ತಗ್ಗಿಸುತ್ತದೆ. ಒಟ್ಟು ವರ್ಗಾವಣೆಯನ್ನು ಹೇಳಿಕೊಳ್ಳುವಷ್ಟು ತಗ್ಗಿಸುವುದಿಲ್ಲ. ಅದರಲ್ಲಿ ಮುಂದಿನ ಪಾಲೆಷ್ಟು, ಹಿಂದಿನ ಪಾಲೆಷ್ಟು ಎಂಬುದಷ್ಟೇ ನಮ್ಮ ಕೈಯಲ್ಲಿದೆ.
- ಭಾರ ಹೆಚ್ಚಿದಂತೆ ಟೈರ್‌ನ ಹಿಡಿತ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಆದ್ದರಿಂದ ಹೆಚ್ಚು ಪಾಲು ಹೊತ್ತ ತುದಿಯೇ ಮೊದಲು ಜಾರುತ್ತದೆ.
- ಫಲ: ಮುಂದು ಗಟ್ಟಿಯಾದರೆ ಅಂಡರ್‌ಸ್ಟಿಯರ್, ಹಿಂದು ಗಟ್ಟಿಯಾದರೆ ಓವರ್‌ಸ್ಟಿಯರ್.

8. ಸ್ಪ್ರಿಂಗ್

- ಚಕ್ರದ ಬಳಿಯ ಗಡಸು = ಸ್ಪ್ರಿಂಗ್ ಗಡಸು × ಚಲನಾನುಪಾತದ ವರ್ಗ. ಚಲನಾನುಪಾತ ಎಂದರೆ ಸ್ಪ್ರಿಂಗ್‌ನ ಚಲನೆ ÷ ಚಕ್ರದ ಚಲನೆ.
- ಉದಾ: ಸ್ಪ್ರಿಂಗ್ ಪ್ರತಿ ಮಿ.ಮೀ.ಗೆ 70 ನ್ಯೂಟನ್, ಅನುಪಾತ 0.7. ಚಕ್ರದ ಬಳಿ ಪ್ರತಿ ಮಿ.ಮೀ.ಗೆ 70 × 0.49 = 34.3 ನ್ಯೂಟನ್. ಆ ಮೂಲೆಯ ಸ್ಪ್ರಿಂಗ್ ಹೊರುವ ದ್ರವ್ಯರಾಶಿ 220 ಕೆ.ಜಿ. ಆದರೆ ಸ್ವಾಭಾವಿಕ ಕಂಪನಾಂಕ ಸುಮಾರು 2 ಹರ್ಟ್ಜ್.
- ಕಾರನ್ನು ಅತಿಯಾಗಿ ತಗ್ಗಿಸಬಾರದು. ಈ ಕಾರಿನ ಸಸ್ಪೆನ್ಷನ್ ಚಲನೆ ಮೊದಲೇ ಕಿರಿದು. ಬಂಪ್ ಸ್ಟಾಪ್ ತಗುಲಿದ ಕೂಡಲೇ ಆ ತುದಿಯ ಗಡಸು ಜಿಗಿಯುತ್ತದೆ, ಹಿಡಿತ ಹಠಾತ್ತನೆ ಕಳಚುತ್ತದೆ.

9. ಆ್ಯಂಟಿ-ರೋಲ್ ಬಾರ್

- ಘನ ಬಾರ್‌ನ ಗಡಸು ವ್ಯಾಸದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. 20 ಮಿ.ಮೀ. ಬದಲು 24 ಮಿ.ಮೀ. ಹಾಕಿದರೆ ಗಡಸು 2.07 ಪಟ್ಟು.
- ಹಿಂದಿನ ಬಾರ್ ಅತಿ ಗಟ್ಟಿಯಾದರೆ ತಿರುವಿನಲ್ಲಿ ಒಳಗಿನ ಹಿಂಚಕ್ರ ಹಗುರಾಗಿ ವ್ಯರ್ಥ ತಿರುಗುತ್ತದೆ. ಸಾದಾ ಡಿಫರೆನ್ಷಿಯಲ್ ಇದ್ದರೆ ಎಳೆತವೇ ಹೋಗುತ್ತದೆ. ಟಾರ್ಸೆನ್ ಎಂಬ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೂ ಚಕ್ರ ಪೂರ್ತಿ ಮೇಲೆದ್ದರೆ ಹೆಚ್ಚು ಪ್ರಯೋಜನವಿಲ್ಲ.
- ಒಂದೇ ಬಾರ್ ಬದಲಿಸುವ ಅವಕಾಶವಿರುವಾಗ ಮಿಯಾಟಾದಲ್ಲಿ ಹಲವರು ಮುಂದಿನದನ್ನು ದಪ್ಪಗೊಳಿಸುವುದು ಇದೇ ಕಾರಣಕ್ಕೆ.

10. ಶಾಕ್ ಅಬ್ಸಾರ್ಬರ್

- ಸ್ಪ್ರಿಂಗ್, ಬಾರ್‌ಗಳು ಭಾರ ಎಷ್ಟು ಹಂಚಿಕೆಯಾಗಬೇಕೆಂದು ನಿರ್ಧರಿಸುತ್ತವೆ. ಶಾಕ್ ಅದು ಎಷ್ಟು ಬೇಗ ಆಗಬೇಕೆಂದು ನಿರ್ಧರಿಸುತ್ತದೆ.
- ಶಾಕ್‌ನ ಪ್ರಭಾವ ಕಾಣುವುದು ತಿರುವಿನ ಪ್ರವೇಶ, ನಿರ್ಗಮನ ಮತ್ತು ಕೋನ್ ಸಾಲಿನ ಎಡಬಲ ಹೊರಳಾಟದಲ್ಲಿ.
- ರಿಬೌಂಡ್ ಸಾಲದಿದ್ದರೆ ಕಾರು ತೂಗಾಡುತ್ತದೆ. ಅತಿಯಾದರೆ ಉಬ್ಬುತಗ್ಗಿನಲ್ಲಿ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತದೆ.

11. ಮೂಲೆ ತೂಕ

- ನಾಲ್ಕು ತಕ್ಕಡಿಗಳ ಮೇಲೆ, ಚಾಲಕನ ಭಾರ ಸಹಿತ, ಬಾರ್‌ನ ಲಿಂಕ್ ಕಳಚಿ ತೂಗಬೇಕು.
- ಕರ್ಣದ ಎರಡು ಚಕ್ರಗಳ ಮೊತ್ತ ಒಟ್ಟು ತೂಕದ 50% ಆಗಿರಬೇಕು. ಆಗ ಎಡ ಮತ್ತು ಬಲ ತಿರುವುಗಳಲ್ಲಿ ಕಾರಿನ ವರ್ತನೆ ಹೆಚ್ಚುಕಡಿಮೆ ಒಂದೇ.
- ಎಡ ಮುಂದಿನ ಸ್ಪ್ರಿಂಗ್ ಪೀಠ ಏರಿಸಿದರೆ ಎಡ ಮುಂದು ಹಾಗೂ ಬಲ ಹಿಂದಿನ ತೂಕ ಏರುತ್ತದೆ, ಉಳಿದೆರಡರದು ಇಳಿಯುತ್ತದೆ.
- ಎಡ-ಬಲ ಅಥವಾ ಮುಂದು-ಹಿಂದಿನ ಒಟ್ಟು ಪಾಲು ಪೀಠದಿಂದ ಬದಲಾಗದು. ಅದಕ್ಕೆ ಭಾರವನ್ನೇ ಸ್ಥಳಾಂತರಿಸಬೇಕು.

12. ಲಕ್ಷಣ ಮತ್ತು ಪರಿಹಾರ

- ತಿರುವಿನ ನಡುವೆ ಮುಂಭಾಗ ಹೊರಕ್ಕೆ ಜಾರುತ್ತದೆ: ಮುಂದಿನ ಋಣ ಕ್ಯಾಂಬರ್ ಹೆಚ್ಚಿಸಿ, ಅಥವಾ ಮುಂದಿನ ಬಾರ್ ಮೃದುಗೊಳಿಸಿ.
- ಬ್ರೇಕ್ ಹಾಕುವಾಗ ಹಿಂಭಾಗ ಅಲ್ಲಾಡುತ್ತದೆ: ಹಿಂದಿನ ಟೋ-ಇನ್ ತುಸು ಹೆಚ್ಚಿಸಿ.
- ತಿರುವಿನಿಂದ ಹೊರಬರುವಾಗ ಒಳಗಿನ ಹಿಂಚಕ್ರ ವ್ಯರ್ಥ ತಿರುಗುತ್ತದೆ: ಹಿಂದಿನ ಬಾರ್ ಮೃದುಗೊಳಿಸಿ.
- ಕೋನ್ ಸಾಲಿನಲ್ಲಿ ಪ್ರತಿಕ್ರಿಯೆ ತಡ: ಶಾಕ್‌ನ ರಿಬೌಂಡ್ ಹೆಚ್ಚಿಸಿ.
- ಒಂದು ಸಲಕ್ಕೆ ಒಂದೇ ಬದಲಾವಣೆ. ಸಮಯ, ಗಾಳಿಯ ಒತ್ತಡ, ಅಳತೆ ಬರೆದಿಡಬೇಕು. ಎರಡು ಬದಲಿಸಿದರೆ ಫಲ ಯಾವುದರದೆಂದು ತಿಳಿಯದು.

13. ಪರೀಕ್ಷೆಗೆ ಕಿರು ಪ್ರಶ್ನೋತ್ತರ

- *ಬಾರ್ ದಪ್ಪಗೊಳಿಸಿದರೆ ಒಟ್ಟು ಭಾರ ವರ್ಗಾವಣೆ ತಗ್ಗುತ್ತದೆಯೇ?* ಇಲ್ಲ. ಮುಂದು-ಹಿಂದಿನ ಹಂಚಿಕೆ ಬದಲಾಗುತ್ತದೆ.
- *ಋಣ ಕ್ಯಾಂಬರ್ ಏಕೆ?* ಕಾರು ವಾಲಿದಾಗ ಹೊರಟೈರ್ ತನ್ನ ಪೂರ್ಣ ಅಗಲದಲ್ಲಿ ನೆಲಕ್ಕೆ ಕೂರಲು.
- *ಹಳೆಯ ಕಾರಿನಲ್ಲಿ ಮೊದಲ ಖರ್ಚು ಯಾವುದಕ್ಕೆ?* ಬುಷ್, ಬಾಲ್ ಜಾಯಿಂಟ್, ಟೈರ್‌ಗಳಿಗೆ. ಇವು ಸರಿಯಿಲ್ಲದಿದ್ದರೆ ಮುಂದಿನ ಯಾವ ಹೊಂದಿಕೆಯೂ ನಿಲ್ಲುವುದಿಲ್ಲ.
- *ಉತ್ತರ ಬರೆಯುವ ಕ್ರಮ?* ಬದಲಾವಣೆ ಹೆಸರಿಸಿ, ಯಾವ ಟೈರ್‌ನ ಭಾರ ಏರಿತು, ಯಾವುದರದು ಇಳಿಯಿತು ಎಂದು ತೋರಿಸಿ, ಆಮೇಲೆ ಕಾರಿನ ವರ್ತನೆ ಬರೆಯಿರಿ. ಅಂಕ ಸಿಗುವುದು ನಡುವಿನ ಆ ಕಾರಣಕ್ಕೆ. ಅಂಗಳದಲ್ಲಿ ಕಾರು ಹೊಂದಿಸುವವರಿಗೆ ದಾರಿ ತೋರುವುದೂ ಅದೇ ಕಾರಣ.