ನೌಕರರ ಷೇರು ಆಯ್ಕೆ ಹಕ್ಕು: ವೆಚ್ಚ ಯಾರ ಪಾಲಿಗೆ?

ನುರಿತ ನೌಕರರನ್ನು ಉಳಿಸಿಕೊಳ್ಳಲು ಕಂಪನಿಗಳು ಅನುಸರಿಸುವ ಮಾರ್ಗಗಳಲ್ಲಿ ‘ಸ್ಟಾಕ್ ಆಪ್ಷನ್’, ಅಂದರೆ ಷೇರು ಆಯ್ಕೆ ಹಕ್ಕು, ಪ್ರಮುಖವಾದುದು. ಇಂದು ಗೊತ್ತುಪಡಿಸಿದ ಬೆಲೆಗೆ ಕಂಪನಿಯ ಷೇರನ್ನು ಮುಂದೆ ಕೊಳ್ಳುವ ಹಕ್ಕು ಇದು, ಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲ. ಬೆಂಗಳೂರಿನ ಇನ್ಫೋಸಿಸ್ 1994ರಲ್ಲೇ ನೌಕರರನ್ನು ಷೇರುದಾರರನ್ನಾಗಿಸುವ ಯೋಜನೆ ರೂಪಿಸಿತ್ತು. ಹಕ್ಕು ನೀಡುವಾಗ ಕಂಪನಿಯಿಂದ ನಗದು ಹೊರಹೋಗದ ಕಾರಣ ಇದು ವೆಚ್ಚವೇ ಅಲ್ಲವೆಂಬ ವಾದ ಬಹುಕಾಲ ಪ್ರಚಲಿತದಲ್ಲಿತ್ತು. ಈ ವಾದ ಎಷ್ಟು ಸರಿ?

ಒಂದು ಉದಾಹರಣೆ

ಒಂದು ಕಂಪನಿಯ ಒಟ್ಟು ಮೌಲ್ಯ 100 ಕೋಟಿ ರೂಪಾಯಿ, ಷೇರುಗಳು 1 ಕೋಟಿ ಎಂದಿಟ್ಟುಕೊಳ್ಳೋಣ. ಪ್ರತಿ ಷೇರಿನ ಮೌಲ್ಯ 100 ರೂ. ನೌಕರರು ತಮ್ಮ ಹಕ್ಕನ್ನು ಬಳಸಿ 10 ಲಕ್ಷ ಹೊಸ ಷೇರುಗಳನ್ನು ತಲಾ 45 ರೂ.ಗೆ ಪಡೆದರೆ ಕಂಪನಿಗೆ 4.5 ಕೋಟಿ ರೂ. ಬರುತ್ತದೆ. ಆಗ 104.5 ಕೋಟಿ ರೂ. ಮೌಲ್ಯವು 1.1 ಕೋಟಿ ಷೇರುಗಳಿಗೆ ಹಂಚಿಕೆಯಾಗಿ, ಷೇರಿನ ಮೌಲ್ಯ 95 ರೂ.ಗೆ ಇಳಿಯುತ್ತದೆ. ಹಳೆಯ ಷೇರುದಾರರಿಗೆ ಆದ ನಷ್ಟ 5 ಕೋಟಿ ರೂ.; ನೌಕರರಿಗೆ ಆದ ಲಾಭವೂ ಅಷ್ಟೇ. ಸಂಬಳದ ಒಂದು ಭಾಗವನ್ನು ಕಂಪನಿಯ ಬದಲು ಷೇರುದಾರರೇ ನೇರವಾಗಿ ತೆತ್ತಂತಾಯಿತು.

ನೌಕರರ ಪರಿಶ್ರಮದಿಂದ ಕಂಪನಿಯ ಮೌಲ್ಯ 5.5 ಕೋಟಿ ರೂ. ಹೆಚ್ಚಿದರೆ ಷೇರಿನ ಮೌಲ್ಯ ಪುನಃ 100 ರೂ. ಆಗುತ್ತದೆ. ಅದಕ್ಕೂ ಮೀರಿದ ವೃದ್ಧಿಯಾದರೆ ಮಾತ್ರ ಯೋಜನೆಯಿಂದ ಷೇರುದಾರರಿಗೆ ಪ್ರಯೋಜನ.

ಲೆಕ್ಕಪತ್ರದಲ್ಲಿ ಸ್ಥಾನ

ಹಿಂದೆ, ಹಕ್ಕು ನೀಡಿದ ದಿನದ ಪೇಟೆ ಬೆಲೆಗೂ ಗೊತ್ತುಪಡಿಸಿದ ಬೆಲೆಗೂ ಇರುವ ಅಂತರವನ್ನು ಮಾತ್ರ ವೆಚ್ಚವೆಂದು ತೋರಿಸಲು ಅವಕಾಶವಿತ್ತು. ಎರಡೂ ಬೆಲೆ ಸಮನಾಗಿದ್ದರೆ ವೆಚ್ಚ ಶೂನ್ಯ. ಆದರೆ ಬೆಲೆ ಏರಿದರೆ ಲಾಭ ತರುವ, ಇಳಿದರೆ ನಷ್ಟ ತಾರದ ಹಕ್ಕಿಗೆ ತನ್ನದೇ ಬೆಲೆಯುಂಟು. 2004ರಲ್ಲಿ ಹೊರಬಂದ ಅಂತಾರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 2 ಈ ನ್ಯಾಯಯುತ ಮೌಲ್ಯವನ್ನೇ ವೆಚ್ಚವಾಗಿ ತೋರಿಸಬೇಕೆಂದು ವಿಧಿಸಿತು. ಭಾರತದಲ್ಲಿ 2016ರಿಂದ ಹಂತಹಂತವಾಗಿ ಜಾರಿಯಾದ ಇಂಡ್ ಎಎಸ್ 102 ಇದೇ ತತ್ತ್ವವನ್ನು ಅನುಸರಿಸುತ್ತದೆ. ಹಕ್ಕು ಕೈಸೇರುವವರೆಗಿನ ಸೇವಾವಧಿಗೆ ಈ ವೆಚ್ಚವನ್ನು ಹಂಚಲಾಗುತ್ತದೆ.

ಷೇರುದಾರರ ಅಧಿಕಾರ

2013ರ ಕಂಪನಿ ಕಾಯಿದೆಯ 62ನೇ ಕಲಮಿನ ಪ್ರಕಾರ ಇಂತಹ ಯೋಜನೆಗೆ ಷೇರುದಾರರ ಒಪ್ಪಿಗೆ ಬೇಕು. ಸೆಬಿಯ 2021ರ ನಿಯಮಾವಳಿಯಂತೆ ನೋಂದಾಯಿತ ಕಂಪನಿಗಳು ಇದಕ್ಕೆ ವಿಶೇಷ ನಿರ್ಣಯ ಪಡೆಯಬೇಕು. ಒಬ್ಬ ನಿರ್ದಿಷ್ಟ ನೌಕರನಿಗೆ ಒಂದೇ ವರ್ಷದಲ್ಲಿ ಬಂಡವಾಳದ ಶೇ. 1 ಅಥವಾ ಹೆಚ್ಚಿನ ಪಾಲಿನ ಹಕ್ಕು ನೀಡಬೇಕಾದರೆ ಪ್ರತ್ಯೇಕ ನಿರ್ಣಯ ಅಗತ್ಯ. ಪೇಟೆ ಕುಸಿದಾಗ ಹಕ್ಕಿನ ಬೆಲೆಯನ್ನು ತಗ್ಗಿಸುವುದಕ್ಕೂ ವಿಶೇಷ ನಿರ್ಣಯವೇ ಬೇಕು. ಈ ಕೊನೆಯ ಸಂದರ್ಭದಲ್ಲಿ ಹೆಚ್ಚಿನ ಎಚ್ಚರ ಅವಶ್ಯ: ಕುಸಿತದ ನಷ್ಟವನ್ನು ಆಗಲೇ ಅನುಭವಿಸಿದ ಷೇರುದಾರನಿಗೆ ಅಂತಹ ರಿಯಾಯಿತಿ ದೊರೆಯದು.

ಆದುದರಿಂದ ಮತ ನೀಡುವ ಮುನ್ನ ಷೇರುದಾರರು ಮೂರು ಅಂಶಗಳನ್ನು ಪರಿಶೀಲಿಸುವುದು ಒಳಿತು: ಒಟ್ಟು ಷೇರುಗಳಲ್ಲಿ ಹೊಸ ಹಕ್ಕುಗಳ ಪ್ರಮಾಣ, ಗೊತ್ತುಪಡಿಸಿದ ಬೆಲೆ, ಹಾಗೂ ಹಕ್ಕು ದೊರೆಯಲು ವಿಧಿಸಿದ ಸೇವೆ ಮತ್ತು ಸಾಧನೆಯ ಷರತ್ತು. ಈ ವಿವರಗಳನ್ನು ಸಭೆಯ ಸೂಚನಾಪತ್ರದ ವಿವರಣಾತ್ಮಕ ಹೇಳಿಕೆಯಲ್ಲಿ ಕಾಣಬಹುದು.