ಬಾಗಿಲು ಎಲ್ಲಿದೆಯೆಂದು ಮೊದಲೇ ನೋಡಿಕೊ

ಪ್ರೀತಿಯ ಮಗು,

ಈ ವರ್ಷ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದೀಯ. ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಟ್ಟ ಸಹವಾಸ ಬೇಡ ಎಂದು ಮನೆಯವರು, ಮೇಷ್ಟರು ಎಲ್ಲರೂ ಹೇಳಿ ಕಳಿಸಿರುತ್ತಾರೆ. ಎಲ್ಲವೂ ಒಳ್ಳೆಯ ಮಾತೇ. ಅವರು ಹೇಳದೆ ಬಿಟ್ಟಿರಬಹುದಾದ ಒಂದು ಮಾತನ್ನು ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ಕಷ್ಟ ಬಂದಾಗ ನೀನು ಹೋಗಬೇಕಾದ ಕೋಣೆಗಳು ಯಾವ ಕಟ್ಟಡದಲ್ಲಿವೆ, ಅಲ್ಲಿ ಯಾರು ಕೂರುತ್ತಾರೆ, ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದನ್ನು ಕಷ್ಟ ಬರುವ ಮೊದಲೇ ಹೋಗಿ ನೋಡಿಕೊಂಡು ಬಾ. ವಿದ್ಯಾರ್ಥಿ ಕ್ಷೇಮಪಾಲನಾ ಕಚೇರಿ, ಆಪ್ತಸಮಾಲೋಚನಾ ಕೇಂದ್ರ, ಆರೋಗ್ಯ ಕೇಂದ್ರ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಘಟಕ, ಸಮಾನ ಅವಕಾಶ ಘಟಕ, ಆಂತರಿಕ ದೂರು ಸಮಿತಿ, ಕುಂದುಕೊರತೆ ನಿವಾರಣಾ ಸಮಿತಿ. ಕ್ಯಾಂಪಸ್ಸಿನ ಕ್ಯಾಂಟೀನು, ಬಸ್ ಸ್ಟಾಪು, ಜೆರಾಕ್ಸ್ ಅಂಗಡಿ ಮೊದಲ ವಾರದಲ್ಲೇ ಎಲ್ಲರಿಗೂ ಗೊತ್ತಾಗುತ್ತವೆ. ಈ ಕೋಣೆಗಳು ಮಾತ್ರ ಕೊನೆಯ ಸೆಮಿಸ್ಟರಿನ ತನಕ ಎಷ್ಟೋ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ಇಷ್ಟು ಅವಸರ ಏಕೆಂದು ನೀನು ಕೇಳಬಹುದು. ಈ ಸಹಾಯಗಳಲ್ಲಿ ಬಹುಪಾಲು ದಿನ ಎಣಿಸಿ ನಡೆಯುತ್ತವೆ. ಲೈಂಗಿಕ ಕಿರುಕುಳದ ದೂರನ್ನು ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು ಎನ್ನುತ್ತದೆ 2013ರ ಕಾಯ್ದೆ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಆಂತರಿಕ ದೂರು ಸಮಿತಿ ಇನ್ನೂ ಮೂರು ತಿಂಗಳ ಅವಕಾಶ ಕೊಡಬಹುದು. ಆಘಾತದಲ್ಲಿರುವ ಹುಡುಗಿಗೆ ಮೂರು ತಿಂಗಳು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕಳೆದುಹೋಗುತ್ತವೆ. ಯಾರ ಹತ್ತಿರ ಹೋಗಬೇಕು ಎಂದು ಹುಡುಕುವುದರಲ್ಲೇ ಅದರ ಅರ್ಧ ಹೋದರೆ ಗತಿಯೇನು? ಅಂಗವಿಕಲ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ, ಅಗತ್ಯವಿದ್ದರೆ ಬರೆಯಲು ಸಹಾಯಕರು ಸಿಗಬೇಕು. ಮೂರು ಗಂಟೆಯ ಪತ್ರಿಕೆಗೆ ಅದು ಒಂದು ಪೂರ್ತಿ ಗಂಟೆ. ಆದರೆ ಪ್ರಮಾಣಪತ್ರ ಹಿಡಿದು ಪರೀಕ್ಷೆಯ ಹಿಂದಿನ ದಿನ ಓಡಿದರೆ ಆ ಗಂಟೆ ಸಿಗುವುದು ಅನುಮಾನ.

ವಿದ್ಯಾರ್ಥಿವೇತನದ ಕಥೆಯಂತೂ ಇನ್ನೂ ಸೂಕ್ಷ್ಮ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ತುಂಬುವಾಗ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಕೇಳುತ್ತದೆ. ಆ ಪ್ರಮಾಣಪತ್ರದಲ್ಲಿ ಹೆಸರಿನ ಇನಿಷಿಯಲ್ ಮುಂದಿದ್ದು, ಅಂಕಪಟ್ಟಿಯಲ್ಲಿ ಹಿಂದಿದ್ದು, ಆಧಾರ್‌ನಲ್ಲಿ ಇಲ್ಲವೇ ಇಲ್ಲದಿದ್ದರೆ ಅಲ್ಲಿಗೇ ತೊಡಕು ಶುರು. ಅರ್ಜಿ ಮಂಜೂರಾದರೂ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಸರಿಯಾಗಿರದಿದ್ದರೆ ಹಣ ಬರುವುದಿಲ್ಲ. ಇವೆಲ್ಲ ನಾಡಕಚೇರಿಯಲ್ಲಿ, ಬ್ಯಾಂಕಿನಲ್ಲಿ ಸರಿಪಡಿಸಬಹುದಾದ ಸಣ್ಣ ಸಂಗತಿಗಳೇ. ಆದರೆ ಕೊನೆಯ ದಿನಾಂಕಕ್ಕೆ ಎರಡು ದಿನ ಮುಂಚೆ ಗೊತ್ತಾದರೆ ಇದೇ ಸಣ್ಣ ಸಂಗತಿ ಒಂದು ವರ್ಷದ ಫೀಸನ್ನು ನುಂಗುತ್ತದೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ, ವಸತಿಗೆಂದು ಹತ್ತು ತಿಂಗಳು ಹಣ ಕೊಡುವ ‘ವಿದ್ಯಾಸಿರಿ’ಯಂಥ ಯೋಜನೆ ಇದೆ. ಅದು ತನಗೂ ಅನ್ವಯಿಸುತ್ತದೆಂದು ತಿಳಿಯದೆ ಸಂಜೆ ಪಾಳಿಯ ಕೆಲಸಕ್ಕೆ ಸೇರಿ, ಬೆಳಗಿನ ತರಗತಿಗೆ ಹಾಜರಾತಿ ಕಳೆದುಕೊಳ್ಳುವ ಹುಡುಗನ ಸೋಲಿಗೆ ಬಡತನದಷ್ಟೇ ಮಾಹಿತಿಯ ಕೊರತೆಯೂ ಕಾರಣ.

ಮಾಹಿತಿ ಇದ್ದೂ ಹೋಗದವರಿದ್ದಾರೆ. ಅವರನ್ನು ತಡೆಯುವುದು ನಾಚಿಕೆ. ‘ನಮ್ಮ ಹಿರಿಯರು ಇದ್ಯಾವುದೂ ಇಲ್ಲದೆ ಓದಲಿಲ್ಲವೇ?’ ಎಂಬ ಮಾತು ಆ ನಾಚಿಕೆಗೆ ನೀರೆರೆಯುತ್ತದೆ. ಈ ಮಾತು ಚರಿತ್ರೆಗೆ ವಿರುದ್ಧವಾದದ್ದು. ನಮ್ಮ ನಾಡಿನಲ್ಲಿ ಬಡ ವಿದ್ಯಾರ್ಥಿ ಎಂದೂ ಒಬ್ಬನೇ ಓದಿಲ್ಲ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ದಿನಕ್ಕೆ ಏಳು ಮನೆಯಲ್ಲಿ ಉಂಡು ಓದಿದ ವಾರಾನ್ನದ ಪೀಳಿಗೆಯೇ ಇತ್ತು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ, ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದವರ ಲೆಕ್ಕ ಇಟ್ಟವರಾರು? ಹಾಗೆ ಓದಿದವರು ಮುಂದೆ ತಹಸೀಲ್ದಾರರೂ ಪ್ರಾಧ್ಯಾಪಕರೂ ಆದರು, ಉಂಡ ಮನೆಯ ಹೆಸರನ್ನು ಗೌರವದಿಂದಲೇ ಹೇಳಿಕೊಂಡರು. ಆಸರೆ ಅವರನ್ನು ಮೆತ್ತಗೆ ಮಾಡಲಿಲ್ಲ.

ಆದರೆ ವಾರಾನ್ನಕ್ಕೆ ಒಂದು ದೊಡ್ಡ ಕೊರತೆಯಿತ್ತು, ಅದನ್ನು ಮುಚ್ಚಿಡಬಾರದು. ಯಾರಿಗೆ ಅನ್ನ, ಯಾರಿಗೆ ಇಲ್ಲ ಎಂಬುದನ್ನು ಮನೆಯ ಯಜಮಾನ ತೀರ್ಮಾನಿಸುತ್ತಿದ್ದ, ಆ ತೀರ್ಮಾನದಲ್ಲಿ ಜಾತಿ ಕೂತಿರುತ್ತಿತ್ತು. ದಲಿತರ ಮಗುವಿಗೆ ಆ ಏಳು ಮನೆಗಳ ಅಂಗಳವೂ ಸಿಗುತ್ತಿರಲಿಲ್ಲ. ಆದ್ದರಿಂದಲೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತ ಮಕ್ಕಳಿಗಾಗಿ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಬೇಕಾಯಿತು, ಗೋಪಾಲಸ್ವಾಮಿ ಅಯ್ಯರ್ ಅವರು ಅಂಥ ಮಕ್ಕಳ ಹಾಸ್ಟೆಲುಗಳಿಗಾಗಿ ಓಡಾಡಬೇಕಾಯಿತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಅಂಬೇಡ್ಕರ್ ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದ ಕಾಲದಲ್ಲಿ. ದೇವರಾಜ ಅರಸರ ಆಡಳಿತದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಊರೂರಿಗೆ ಹಬ್ಬಿದವು. ಅಂದರೆ ಒಂದು ಶತಮಾನದ ಹೋರಾಟದಿಂದ ನಡೆದದ್ದು ಇಷ್ಟು: ಕೊಡುವವನ ದಯೆಯಾಗಿದ್ದದ್ದು ಪಡೆಯುವವನ ಹಕ್ಕಾಯಿತು. ದಯೆಯನ್ನು ಕೇಳಲು ಸಂಕೋಚವಾಗುವುದು ಸಹಜ. ಹಕ್ಕನ್ನು ಕೇಳಲು ಸಂಕೋಚಪಟ್ಟರೆ ಅದಕ್ಕಾಗಿ ಹೋರಾಡಿದವರ ಶ್ರಮವನ್ನೇ ನಾವು ಮರೆತಂತೆ. ಕ್ಷೇಮಪಾಲನಾ ಕಚೇರಿಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಡ.

ಮನಸ್ಸಿನ ವಿಷಯಕ್ಕೆ ಬಂದರೆ ಈ ನಾಚಿಕೆ ಪ್ರಾಣಕ್ಕೇ ಎರವಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಶಾಲೆಯ ಮಕ್ಕಳೂ ಸೇರಿದ ಲೆಕ್ಕ ಇದು, ದಿನಕ್ಕೆ 35ಕ್ಕೂ ಹೆಚ್ಚು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಇನ್ನೊಂದು ಸತ್ಯ ಹೇಳಿತು. ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ, ಚಿಕಿತ್ಸೆ ಬೇಕಾದ ನೂರು ಜನರಲ್ಲಿ 70ಕ್ಕೂ ಹೆಚ್ಚು ಮಂದಿಗೆ ಅದು ಸಿಕ್ಕಿರಲೇ ಇಲ್ಲ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡು. ಗುಣವಾಗಬಹುದಾದ ನೋವು ಹೇಳಿಕೊಳ್ಳದೆ ಬೆಳೆಯುತ್ತಿದೆ. ‘ಕೌನ್ಸೆಲಿಂಗ್’ ಎಂಬುದಕ್ಕೆ ಕನ್ನಡದಲ್ಲಿ ಬಂದ ಪದ ‘ಆಪ್ತಸಮಾಲೋಚನೆ’. ಆಪ್ತರ ಜೊತೆ ಕೂತು ಯೋಚಿಸುವುದು ಎಂದರ್ಥ, ಅದರಲ್ಲಿ ಹುಚ್ಚಿನ ಮಾತೆಲ್ಲಿ ಬಂತು? ಮೂರು ವಾರದಿಂದ ನಿದ್ದೆ ಬರುತ್ತಿಲ್ಲ, ಪುಸ್ತಕ ತೆರೆದರೆ ಅಕ್ಷರ ಹತ್ತುತ್ತಿಲ್ಲ, ಮೆಸ್ಸಿಗೆ ಹೋಗಲು ಮನಸ್ಸಾಗುತ್ತಿಲ್ಲ ಎಂದರೆ ಅಲ್ಲಿಗೆ ಹೋಗಲು ಅಷ್ಟೇ ಕಾರಣ ಸಾಕು. ಜ್ವರ 104 ಡಿಗ್ರಿ ಆದ ಮೇಲೆಯೇ ಡಾಕ್ಟರ ಹತ್ತಿರ ಹೋಗುತ್ತೇನೆ ಎನ್ನುವವರುಂಟೇ?

ಮನೆಯವರಿಗೆ, ಮೇಷ್ಟರಿಗೆ ತಿಳಿದುಬಿಟ್ಟರೆ ಎಂಬ ಭಯ ನಿನಗಿರಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆ ಪಡೆಯುವವರ ಮಾಹಿತಿಯನ್ನು ಗೋಪ್ಯವಾಗಿಡುವುದನ್ನು ಅವರ ಹಕ್ಕೆಂದೇ ಹೇಳಿದೆ. ಜೀವಕ್ಕೆ ಅಪಾಯವಿದ್ದಾಗ ಅದನ್ನು ತಪ್ಪಿಸಲು ಬೇಕಾದಷ್ಟನ್ನು ಹೇಳಬಹುದು ಎಂಬುದು ವಿನಾಯಿತಿ, ಅದು ಇರಲೇಬೇಕಾದ ವಿನಾಯಿತಿ. ಮೊದಲ ಭೇಟಿಯಲ್ಲೇ ‘ನಾನು ಹೇಳಿದ್ದನ್ನು ಎಲ್ಲಿ ಬರೆದಿಡುತ್ತೀರಿ, ಯಾರು ನೋಡುತ್ತಾರೆ?’ ಎಂದು ಕೇಳಿಬಿಡು. ಒಳ್ಳೆಯ ಆಪ್ತಸಮಾಲೋಚಕರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಕೆಲವು ಕಡೆ ಪಾಠ ಮಾಡುವ ಅಧ್ಯಾಪಕರಿಗೇ ಈ ಹೊಣೆಯನ್ನು ಹೆಚ್ಚುವರಿಯಾಗಿ ವಹಿಸಿರುತ್ತಾರೆ. ನಿನಗೆ ಆಂತರಿಕ ಅಂಕ ಹಾಕುವವರ ಎದುರೇ ಮನಸ್ಸು ಬಿಚ್ಚಲು ಆಗದಿದ್ದರೆ ಅದು ನಿನ್ನ ತಪ್ಪಲ್ಲ, ಏರ್ಪಾಡಿನ ತಪ್ಪು. ಆಗ ಕ್ಯಾಂಪಸ್ಸಿನ ಹೊರಗಿನ ಸಹಾಯ ಇದೆ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಯಾವಾಗ ಬೇಕಾದರೂ ಕರೆ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೂ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಕೆಲಸವೇ. ಇಂಥ ಕೆಲಸ ನಡೆದ ನಾಡಿನ ಮಕ್ಕಳು ಮಾತನ್ನು ಗಂಟಲಲ್ಲೇ ನುಂಗಿಕೊಂಡು ಕೂರುವುದು ನನಗೆ ಬಹಳ ನೋವಿನ ಸಂಗತಿ.

ಇನ್ನು ನಿನ್ನ ಸೀನಿಯರ್‌ಗಳು ಹೇಳುವ ಮಾತು: ‘ಅದೆಲ್ಲ ಕಾಗದದ ಮೇಲೆ ಅಷ್ಟೇ, ಹೋದರೆ ಬೀಗ ಹಾಕಿರುತ್ತೆ.’ ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಫಲಕ ಇದ್ದು ಜನರಿಲ್ಲದ, ಸಮಿತಿ ಇದ್ದು ಸಭೆ ಸೇರದ ಕ್ಯಾಂಪಸ್ಸುಗಳು ಇವೆ. ಆದರೆ ಆ ಮಾತಿನಿಂದ ಹೊರಡುವ ತೀರ್ಮಾನ ತಪ್ಪು. ಯಾರೂ ಬರುವುದಿಲ್ಲ ಎಂಬುದೇ ಬೀಗ ಹಾಕಲು ನೆಪವಾಗುತ್ತದೆ, ಬೀಗ ಹಾಕಿದೆ ಎಂಬುದೇ ಬರದಿರಲು ಕಾರಣವಾಗುತ್ತದೆ. ಈ ಸುತ್ತನ್ನು ಮುರಿಯುವುದು ಕಾಗದವೇ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು ಇರಬೇಕು, ಸಹಾಯವಾಣಿಯ ಸಂಖ್ಯೆಯನ್ನು ಹಾಸ್ಟೆಲಿನಲ್ಲಿ, ತರಗತಿಗಳಲ್ಲಿ ಕಣ್ಣಿಗೆ ಕಾಣುವಂತೆ ಹಾಕಬೇಕು ಎಂದು ನಿರ್ದೇಶನ ಕೊಟ್ಟಿದೆ. ನಿನ್ನ ಹಾಸ್ಟೆಲಿನ ಗೋಡೆ ನೋಡು. ಸಂಖ್ಯೆ ಇಲ್ಲದಿದ್ದರೆ ವಾರ್ಡನ್‌ಗೆ ನಾಲ್ಕು ಸಾಲಿನ ಅರ್ಜಿ ಬರೆ, ಹತ್ತು ಜನ ಸಹಿ ಹಾಕಿ.

ಅರ್ಜಿಯ ವಿಷಯದಲ್ಲಿ ಒಂದು ರೂಢಿ ಮಾಡಿಕೊ. ಬಾಯಿಮಾತಿನ ಮನವಿಗೆ ಕಚೇರಿಯಲ್ಲಿ ನೆನಪಿರುವುದಿಲ್ಲ. ಎರಡು ಪ್ರತಿ ಮಾಡು, ಒಂದನ್ನು ಆವಕ ವಿಭಾಗದಲ್ಲಿ ಕೊಡು, ಇನ್ನೊಂದರ ಮೇಲೆ ಸೀಲು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊ. ‘ನಾಳೆ ಬಾ’ ಎಂದು ಗುಮಾಸ್ತರು ಹೇಳಿದರೂ ವಿನಯದಿಂದ ಅಲ್ಲೇ ನಿಲ್ಲು. ಆ ಸೀಲು ಬಿದ್ದ ದಿನದಿಂದ ದಿನ ಎಣಿಸುವ ಸರದಿ ವಿಶ್ವವಿದ್ಯಾಲಯದ್ದು. ಯುಜಿಸಿಯ 2023ರ ನಿಯಮಗಳ ಪ್ರಕಾರ ಕುಂದುಕೊರತೆ ನಿವಾರಣಾ ಸಮಿತಿ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕೆಂಬ ಅಪೇಕ್ಷೆ ಇದೆ. ಅದು ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್ ಎಂಬ ಅಹವಾಲು ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಮೂಲ ಅಂಕಪಟ್ಟಿ ಹಿಂದಿರುಗಿಸದೆ ಸತಾಯಿಸುವುದು, ವಿದ್ಯಾರ್ಥಿವೇತನ ತಡಮಾಡುವುದು, ವೇಳಾಪಟ್ಟಿ ಮೀರಿ ಫಲಿತಾಂಶ ಎಳೆಯುವುದು ಇವೆಲ್ಲ ಆ ನಿಯಮಗಳ ಕಣ್ಣಲ್ಲಿ ಕುಂದುಕೊರತೆಗಳೇ. ‘ಇಲ್ಲಿ ಹೀಗೇ’ ಎಂದು ನಾವು ಒಪ್ಪಿಕೊಂಡುಬಿಟ್ಟಿರುವ ಎಷ್ಟೋ ಸಂಗತಿಗಳು ಆ ಪಟ್ಟಿಯಲ್ಲಿವೆ.

ಇಂಗ್ಲಿಷಿನಲ್ಲಿ ಬರೆಯಲು ಬಾರದೆಂದು ಹಿಂಜರಿಯುವವರಿದ್ದಾರೆ, ಅವರಿಗೆ ಒಂದೇ ಮಾತು. ಕನ್ನಡ ಈ ರಾಜ್ಯದ ಆಡಳಿತ ಭಾಷೆ, 1963ರ ಕಾಯ್ದೆಯಿಂದ. ನಿನ್ನ ನೋವನ್ನು ನಿನ್ನ ಮಾತಿನಲ್ಲೇ ಬರೆ, ಅದೇ ಹೆಚ್ಚು ಖಚಿತವಾಗಿರುತ್ತದೆ.

ದೂರು ಕೊಟ್ಟರೆ ಅಂಕದಲ್ಲಿ ಸೇಡು ತೀರಿಸಿಕೊಂಡರೆ ಎಂಬ ಭಯವೇ ಎಲ್ಲಕ್ಕಿಂತ ದೊಡ್ಡದು. ಈ ಭಯ ಆಧಾರವಿಲ್ಲದ್ದಲ್ಲ, ನಿಯಮ ಇದೆ ಎಂದಮಾತ್ರಕ್ಕೆ ಅದು ಹೋಗುವುದೂ ಇಲ್ಲ. ಆದರೆ ಸೇಡಿಗೆ ಸುಲಭವಾಗಿ ಸಿಗುವುದು ಒಂಟಿಯಾಗಿ, ಬಾಯಿಮಾತಿನಲ್ಲಿ, ದಾಖಲೆಯಿಲ್ಲದೆ ಹೋದವರು. ದಿನಾಂಕ ಬರೆದಿಟ್ಟ, ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡ, ಇಬ್ಬರು ಗೆಳೆಯರ ಜೊತೆ ಹೋದ ವಿದ್ಯಾರ್ಥಿಯನ್ನು ಮುಟ್ಟಲು ಎದುರಿನವರು ಯೋಚಿಸುತ್ತಾರೆ. ಆಂತರಿಕ ದೂರು ಸಮಿತಿಯ ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಹೆಸರುಗಳನ್ನು ಬಹಿರಂಗಪಡಿಸುವಂತಿಲ್ಲ. ರ‍್ಯಾಗಿಂಗ್ ಆದರೆ ಸ್ಥಳೀಯರನ್ನು ನಂಬಿ ಕೂರಬೇಕಾಗಿಯೂ ಇಲ್ಲ, ರಾಷ್ಟ್ರೀಯ ಸಹಾಯವಾಣಿ 1800-180-5522 ಇದೆ. ಅಲ್ಲಿ ಅನುಭವಿಸಿದವರೇ ದೂರು ಕೊಡಬೇಕೆಂದಿಲ್ಲ, ಕಂಡವರೂ ಕೊಡಬಹುದು.

ಅದಕ್ಕೇ ಕೊನೆಯ ಕೋರಿಕೆ ನಿನ್ನ ಬಗ್ಗೆ ಮಾತ್ರವಲ್ಲ. ನಿನ್ನ ಕೋಣೆಯಲ್ಲೇ, ನಿನ್ನ ಪಕ್ಕದ ಮಂಚದಲ್ಲೇ, ಊರಿನಿಂದ ಮೊದಲ ಬಾರಿಗೆ ಹೊರಬಂದ, ಯಾರನ್ನೂ ಏನನ್ನೂ ಕೇಳಲು ಬಾರದ ಇನ್ನೊಬ್ಬರಿರುತ್ತಾರೆ. ಈ ಶನಿವಾರ ಕಚೇರಿ ಮುಚ್ಚುವ ಮೊದಲು ಅವರನ್ನೂ ಕರೆದುಕೊಂಡು ಆ ಕೋಣೆಗಳನ್ನು ಒಮ್ಮೆ ಸುತ್ತಿ ಬಾ. ಈ ಪತ್ರ ಮಡಿಚಿಡುವ ಮುನ್ನ 14416ನ್ನು ನಿನ್ನ ಫೋನಿನಲ್ಲಿ ಉಳಿಸಿಕೊ, ಅವರ ಫೋನಿನಲ್ಲೂ ಉಳಿಸಿಕೊಡು.

ಇಂತಿ,
ನಿನ್ನ ಹಿತವನ್ನೇ ಬಯಸುವ ಹಿರಿಯ ಜೀವ